ಕೂಸಿಲ್ಲದ ಬಾಣಂತನ

ಹುನಗುಂದದ ಆ ಓಣಿಯಲ್ಲಿ ಯಾರ ಮನೆಯ ಮಗಳು ಹೆರಿಗೆಗೆ ತವರಿಗೆ ಬಂದರೂ ಮೊದಲು ಹೇಳಿಕಳಿಸುತ್ತಿದ್ದುದು ನೀಲಾಬಾಯಿಗೆ. ಡಾಕ್ಟರು ಆಮೇಲೆ. ಹಾಗಂತ ಆಕೆಯೇನು ಸೂಲಗಿತ್ತಿಯಲ್ಲ. ಹೆರಿಗೆಯ ಕೋಣೆ ಎಂದರೆ ಆಕೆಗೆ ಈಗಲೂ ಕೈಕಾಲು ತಣ್ಣಗಾಗುತ್ತವೆ. ಆಕೆಯ ದರ್ಬಾರು ಶುರುವಾಗುವುದು ಕೂಸು ಹುಟ್ಟಿ ಬಾಣಂತಿ ಮನೆಗೆ ಬಂದ ಮೇಲೆ, ಒಲೆಯ ಮುಂದೆ. ತಿನ್ನುವ ಅಂಟು ತುಪ್ಪದಲ್ಲಿ ಎಷ್ಟು ಅರಳಬೇಕು, ಉತ್ತತ್ತಿ ಎಷ್ಟು ಸಣ್ಣಗೆ ಕುಟ್ಟಬೇಕು, ಬೆಲ್ಲದ ಪಾಕ ಯಾವ ಹದಕ್ಕೆ ಇಳಿಯಬೇಕು ಎಂಬುದನ್ನು ಆಕೆ ಕಣ್ಣು ಮುಚ್ಚಿಕೊಂಡು ವಾಸನೆಯ ಮೇಲೆ ಹೇಳುತ್ತಿದ್ದಳು. "ನೀಲಕ್ಕನ ಅಂಟಿನುಂಡಿ ತಿಂದಾಕಿ ಅವಳಿ ಇದ್ರೂ ಹಾಲು ಕುಡಸ್ತಾಳ" ಎಂದು ಹೆಂಗಸರು ಹೇಳುವುದು ಕಿವಿಗೆ ಬಿದ್ದರೆ ಆಕೆಗೆ ಬೇಸರವೇನೂ ಆಗುತ್ತಿರಲಿಲ್ಲ. ಯಾರಾದರೂ ಅಮೀನಗಡದ ಕರದಂಟನ್ನು ಹೊಗಳಿದರೆ ಮಾತ್ರ, "ಅದು ಬಸ್ಸಿನಾಗ ಕುಂತು ತಿನ್ನಾಕ ಚಲೋ ಬಿಡ್ರಿ" ಎಂದು ಮೂಗು ಮುರಿಯುತ್ತಿದ್ದಳು.

ಅಂಥವಳ ಒಬ್ಬಳೇ ಮಗಳು ದಾನೇಶ್ವರಿ ಹಡೆದು ಮನೆಗೆ ಬಂದು ಮಲಗಿದ್ದಳು. ತೊಟ್ಟಿಲನ್ನು ಅಟ್ಟದಿಂದ ಯಾರೂ ಇಳಿಸಿರಲಿಲ್ಲ.

ನಡೆದದ್ದು ಇಷ್ಟು. ದಿನ ತುಂಬಿದ ಮಗಳಿಗೆ ನಸುಕಿನಲ್ಲಿ ನೋವು ಬಂತು. ಹುನಗುಂದದಿಂದ ಬಾಗಲಕೋಟೆಗೆ ಗಾಡಿಯಲ್ಲಿ ಹೊರಟರು. ಅಮೀನಗಡ ಬರುವವರೆಗೂ ಕೂಸು ಒದೆಯುತ್ತಿತ್ತು. ದಾನೇಶ್ವರಿಯೇ ಅವ್ವನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟು ತೋರಿಸಿದ್ದಳು. ಅದರಿಂದಾಚೆಗೆ ಒದೆಯಲಿಲ್ಲ. ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಗಂಡು ಕೂಸು, ಮೈತುಂಬ ಚೆಂದ, ಹೊಕ್ಕಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ಯಾರ ತಪ್ಪೂ ಅಲ್ಲ ಎಂದರು. ಯಾರದಾದರೂ ತಪ್ಪಿದ್ದರೆ ಅವರ ಮನೆಯ ಮುಂದೆ ನಿಂತು ಮಣ್ಣು ತೂರಿಯಾದರೂ ಎದೆ ಹಗುರ ಮಾಡಿಕೊಳ್ಳುತ್ತಿದ್ದೆ ಎಂದು ನೀಲಾಬಾಯಿಗೆ ಅನ್ನಿಸಿತು. ಅದೂ ಆಕೆಯ ಹಣೆಯಲ್ಲಿ ಬರೆದಿರಲಿಲ್ಲ. ಗಂಡ ರಾಚಯ್ಯ ಮತ್ತು ಅಳಿಯ ಸಂಗಮೇಶ ಇಬ್ಬರೇ ಕೂಸನ್ನು ಬಿಳಿ ಅರಿವೆಯಲ್ಲಿ ಸುತ್ತಿ ಊರಿಗೆ ಒಯ್ದು ಮಣ್ಣು ಮಾಡಿ ಬಂದರು. ಹಡೆದವಳಿಗೆ ಇನ್ನೂ ಎಚ್ಚರವಿರಲಿಲ್ಲ.

ಎಚ್ಚರವಾದಾಗ ಮಗಳು ಕೇಳಿದ್ದು ಒಂದೇ ಮಾತು. "ಅವ್ವಾ, ಕೂಸೆಲ್ಲಿ?"

ಹಸಿಬಾಣಂತಿಗೆ ಕೆಟ್ಟ ಸುದ್ದಿ ಹೇಳಬಾರದು, ಹೇಳಿದರೆ ಸನ್ನಿ ಹಿಡಿಯುತ್ತದೆ ಎಂಬುದು ಆ ಸೀಮೆಯ ಹೆಂಗಸರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ನೀಲಾಬಾಯಿ ಕಣ್ಣೊರೆಸಿಕೊಂಡು, ದನಿ ಗಟ್ಟಿ ಮಾಡಿಕೊಂಡು ಹೇಳಿದಳು. "ಗಾಜಿನ ಪೆಟ್ಟಿಗ್ಯಾಗ ಇಟ್ಟಾರವ್ವಾ. ಸ್ವಲ್ಪ ಅಶಕ್ತ ಐತಿ. ನೀ ಚಂದಂಗ ಉಂಡು ಗಟ್ಟಿ ಆಗು. ಎದಿಗೆ ಹಾಲು ಬರ್ಲಿ, ತಂದು ನಿನ್ನ ಮಗ್ಗಲಾಗ ಹಾಕ್ತಾರ."

ಮಗಳು ನಂಬಿದಳು. ಕೊಟ್ಟ ಗಂಜಿಯನ್ನೆಲ್ಲ ಕುಡಿದಳು. ಹಾಲು ನಿಲ್ಲಲೆಂದು ಡಾಕ್ಟರು ಕೊಟ್ಟ ಗುಳಿಗೆಯನ್ನು ನೋವಿನ ಗುಳಿಗೆ ಎಂದು ನುಂಗಿದಳು. ಹೊಲಿಗೆ ಬಿಚ್ಚಿಸಿ ಹುನಗುಂದಕ್ಕೆ ಕರೆತಂದ ಮೇಲೆ, ಇನ್ನು ಮುಚ್ಚಿಡುವುದು ಪಾಪ ಎಂದು ಸಂಗಮೇಶ ಒಂದು ಮಧ್ಯಾಹ್ನ ಹೊರಸಿನ ಅಂಚಿಗೆ ಕೂತು, ಹೆಂಡತಿಯ ಕೈ ಹಿಡಿದು, ಇದ್ದದ್ದನ್ನು ಇದ್ದಂತೆ ಹೇಳಿದ. ದಾನೇಶ್ವರಿ ಅಳಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ಬಹಳ ಹೊತ್ತು ನೋಡಿ ಗೋಡೆಯ ಕಡೆ ಹೊರಳಿ ಮಲಗಿದಳು.

ಅಂದಿನಿಂದ ಬಾಯಿ ಹೊಲಿದುಕೊಂಡಳು. ಮಾತಿಗೂ, ತುತ್ತಿಗೂ.

ಮದುವೆಗೆ ಮುಂಚೆ ಈ ಹುಡುಗಿ ಮನೆಯಲ್ಲಿದ್ದರೆ ರೇಡಿಯೋ ಬೇಕಿರಲಿಲ್ಲ. ಬಾಗಲಕೋಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಫೋನು ಹಚ್ಚಿದರೆ ಅವ್ವನಿಗೇ ಪ್ರಶ್ನೆ ಕೇಳಿ, ತಪ್ಪು ಹೇಳಿದರೆ ಬೆಂಚಿನ ಮೇಲೆ ನಿಲ್ಲು ಎನ್ನುತ್ತಿದ್ದಳು. ಈಗ ನೀರು ಬೇಕೆಂದರೂ ಬಾಯಿ ಬಿಡುತ್ತಿರಲಿಲ್ಲ. ಕೆನ್ನೆ ಒಳಗೆ ಹೋದವು, ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ಸಂಗಮೇಶ ಮನಸ್ಸಿನ ಡಾಕ್ಟರ ಮಾತೆತ್ತಿದಾಗ, ಓಣಿಯವರು ಮಗಳಿಗೆ ಹುಚ್ಚು ಹಿಡಿದಿದೆ ಅನ್ನುತ್ತಾರೆ ಎಂದು ನೀಲಾಬಾಯಿ ಒಂದಿಷ್ಟು ದಿನ ತಡೆದಳು. ಆಮೇಲೆ ಮಗಳಿಗೆ ಸ್ನಾನ ಮಾಡಿಸುವಾಗ ಬೆನ್ನಿನ ಎಲುಬು ಕೈಗೆ ಹತ್ತಿದವು. ಓಣಿ ಹಾಳಾಗಿ ಹೋಗಲಿ ಎಂದುಕೊಂಡು ತಾನೇ ಮೊದಲು ಗಾಡಿ ಹತ್ತಿದಳು.

ಬಾಗಲಕೋಟೆಯ ನವನಗರದಲ್ಲಿ ಒಬ್ಬ ಹೆಣ್ಣು ಡಾಕ್ಟರು. ಸಮಾಧಾನದ ಹೆಂಗಸು, ಕಂಪ್ಯೂಟರು ನೋಡದೆ ಮುಖ ನೋಡಿ ಮಾತಾಡಿದರು. "ಗುಳಿಗಿ ಬರದು ಕೊಡ್ತೇನಿ. ಆದ್ರ ಮೈಯಾಗ ಏನೂ ಇಲ್ಲದಾಗ ಬರೇ ಗುಳಿಗಿ ಏನ್ ಮಾಡೀತ್ರಿ? ರಕ್ತ ಭಾಳ ಕಡಿಮಿ ಐತಿ. ಮನಸ್ಸು ಎಲ್ಲೋ ಬ್ಯಾರೆ ಕಡೆ ಇರೂದಿಲ್ಲ ನೋಡ್ರಿ, ಈ ಶರೀರದಾಗೇ ಇರತೈತಿ. ಇದಕ್ಕ ಕಾಳು, ಸೊಪ್ಪು, ಶೇಂಗಾ, ಹಾಲು, ಮೊಸರು ಎಲ್ಲಾ ಬೀಳಬೇಕು. ನಡೀತಿದ್ರ ತತ್ತೀನೂ ಕೊಡ್ರಿ. ಉಣ್ಣಲಿಲ್ಲಂದ್ರ ಮಾತ್ರ ಇಲ್ಲೇ ಇಟ್ಕೊಂಡು ಮೂಗಿನಾಗ ನಳಗಿ ಹಾಕಬೇಕಾಗತೈತಿ."

ಇಷ್ಟು ಮಾತಿನಲ್ಲಿ ನೀಲಾಬಾಯಿಗೆ ಕೇಳಿಸಿದ್ದು ಒಂದೇ. ಉಣಿಸಿದರೆ ಮಗಳು ಉಳಿಯುತ್ತಾಳೆ. ಮನಸ್ಸಿನ ರೋಗ ಎಂದರೆ ಎಲ್ಲಿ ಹಿಡಿಯುವುದು, ಎಲ್ಲಿ ಬಿಡುವುದು ಆಕೆಗೆ ತಿಳಿಯದು. ಉಣಿಸುವುದು ತಿಳಿಯುತ್ತದೆ. ದೇವರು ಕೊನೆಗೂ ತನಗೆ ಬರುವ ಕೆಲಸ ಕೊಟ್ಟ ಎಂದು ಆಕೆಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ಮಗಳು ಉಣ್ಣಲಿಲ್ಲ. ಮೊಳಕೆ ಬಂದ ಹೆಸರುಕಾಳು ಹಾಗೆಯೇ ತಿರುಗಿ ಬಂತು. ರಾಜಗಿರಿ ಪಲ್ಯೆ, ಶೇಂಗಾದ ಹಿಂಡಿ ಹಚ್ಚಿದ ಬಿಸಿರೊಟ್ಟಿ, ಕೆನೆಮೊಸರು, ಎಲ್ಲವೂ ತಾಟಿನಲ್ಲೇ ಒಣಗಿದವು. ತುಟಿಗೆ ಹಚ್ಚಿದರೆ ತುಟಿ ತೆರೆಯದು. ಕೊನೆಗೊಂದು ದಿನ ರಾಚಯ್ಯ ಇಷ್ಟಲಿಂಗ ಪೂಜೆ ಮುಗಿಸಿ ಎದ್ದವರೇ, "ತತ್ತಿ ತರ್ತೇನಿ" ಎಂದರು. ಅಯ್ಯನವರ ಮನೆ, ಮೊಟ್ಟೆ ಹೊಸ್ತಿಲು ದಾಟದ ಮನೆ, ಉಳ್ಳಾಗಡ್ಡಿ ಹೆಚ್ಚುವುದಕ್ಕೂ ಸೋಮವಾರ ಯೋಚಿಸುವ ಮನೆ. ನೀಲಾಬಾಯಿ ಬಾಯಿ ಬಿಟ್ಟು ನೋಡಿದಳು. "ಏನ್ ನೋಡ್ತಿ? ಮಗಳಕಿಂತ ಮಡಿ ದೊಡ್ಡದೇನು?" ಎಂದು ಹೊರಟ ರಾಚಯ್ಯ, ಮಲೀಕಸಾಬನ ಅಂಗಡಿಗೆ ಹೋಗಿ ಸುಮ್ಮನೆ ನಿಂತರಂತೆ. ಮಲೀಕಸಾಬ ಏನೂ ಕೇಳದೆ, ಪೇಪರಿನಲ್ಲಿ ಸುತ್ತಿ, ಮೇಲೆ ಎರಡು ಕೊತ್ತಂಬರಿ ಸಿವುಡು ಇಟ್ಟು ಕೊಟ್ಟ. ನೀಲಾಬಾಯಿ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ಬೋಗಾಣಿಯಲ್ಲಿ, ಕಳ್ಳಭಟ್ಟಿ ಕಾಯಿಸುವವರಂತೆ ಆಚೀಚೆ ನೋಡುತ್ತ ತತ್ತಿ ಕುದಿಸಿದಳು. ಮಗಳು ಅದರತ್ತ ನೋಡಲೂ ಇಲ್ಲ. ಓಣಿಯ ನಾಯಿಗೆ ಆ ದಿನ ಹಬ್ಬವಾಯಿತು. ರಾಚಯ್ಯ ಆವತ್ತು ಮೊದಲ ಸಲ ಬಾಯಿಗೆ ಪಂಜೆ ಒತ್ತಿಕೊಂಡು ಅತ್ತರು.

ಅದಾದ ಮೇಲೆಯೇ ನೀಲಾಬಾಯಿಗೆ ಹೊಳೆದದ್ದು. ಊರಿಗೆಲ್ಲ ಬಾಣಂತನ ಮಾಡಿದ ಕೈ ತನ್ನ ಮಗಳಿಗೇ ಏಕೆ ಮಾಡಬಾರದು? ಈ ಓಣಿಯಲ್ಲಿ ಎದ್ದೇಳಲಾಗದ ಎಷ್ಟು ಹೆಣ್ಣುಮಕ್ಕಳನ್ನು ಈ ಕೈ ಎಬ್ಬಿಸಿ ಕೂರಿಸಿಲ್ಲ? ಮಗಳೂ ಒಂಬತ್ತು ತಿಂಗಳು ಹೊತ್ತಿದ್ದಾಳೆ, ಹೊಟ್ಟೆ ಕೊಯ್ಸಿಕೊಂಡಿದ್ದಾಳೆ, ರಕ್ತ ಹೋಗಿದೆ. ಅದೇ ಮೈ, ಅದೇ ನೋವು.

ಆಕೆ ಅಂಟು, ಉತ್ತತ್ತಿ, ಒಣಕೊಬ್ಬರಿ ತರಿಸುವುದನ್ನು ಕಂಡ ನೆರೆಮನೆಯ ಲಲಿತಾ ಸೆರಗು ಬಾಯಿಗೆ ಒಯ್ದಳು. ಲಲಿತಾ ಕೆಟ್ಟವಳಲ್ಲ, ಆದರೆ ಪರರ ಮನೆಯ ಅಡುಗೆಯಲ್ಲಿ ಮೂಗು ಹಾಕದಿದ್ದರೆ ಆಕೆಗೆ ತನ್ನ ಮನೆಯ ಊಟ ಅರಗದು.

"ಇದೇನ್ ನೀಲಕ್ಕ? ಕೂಸಿಲ್ಲದಾಕಿಗೆ ಎಂಥಾ ಬಾಣಂತನ? ಎಲ್ಲೂ ಕಂಡಿಲ್ಲ, ಕೇಳಿಲ್ಲ."

"ಕೂಸು ಸತ್ರ ಹಡದಾಕಿ ಮೈನೂ ಸಾಯತೈತೇನ?"

"ಹಂಗಲ್ಲ ಅಕ್ಕ. ಅಂಟಿನುಂಡಿ ಅಂದ್ರ ಕೂಸಿನ ಸಲುವಾಗಿ. ಹಾಲಿನ ಸಲುವಾಗಿ. ಬರೇ ತಾಯಿಗೆ ಯಾರು ಕಟ್ತಾರ?"

"ನಾ ಕಟ್ತೇನಿ" ಎಂದಳು ನೀಲಾಬಾಯಿ. "ನನ್ನ ಮಗಳು ಬರೇ ತಾಯಿ ಅಲ್ಲ, ನನ್ನ ಕೂಸು."

ಲಲಿತಾ ಸೆರಗು ಸರಿಮಾಡಿಕೊಂಡು ತನ್ನ ಮನೆಯ ಕಡೆ ನಡೆದಳು. ನ್ಯಾಯ ಪೂರಾ ನೀಲಾಬಾಯಿಯ ಕಡೆಗೇ ಇತ್ತು. ಹಾಲು ನಿಲ್ಲಿಸುವ ಗುಳಿಗೆ ನುಂಗಿಸಿಯಾಗಿದೆ, ಎದೆಗೆ ಅರಿವೆ ಬಿಗಿದು ಕಟ್ಟಿಯಾಗಿದೆ, ಹಾಲು ಎಂದೋ ಬತ್ತಿದೆ. ಇನ್ನು ಇದು ಬರೀ ಶಕ್ತಿಗೆ ಎಂದು ಆಕೆ ತನಗೇ ಹೇಳಿಕೊಂಡು ಬಾಣಲೆ ಇಟ್ಟಳು.

ತುಪ್ಪದಲ್ಲಿ ಅಂಟು ಚಟಪಟ ಅರಳತೊಡಗಿತು. ಪಕ್ಕದ ಒಲೆಯ ಮೇಲೆ ಅಳವಿ ಪಾಯಸ; ಕೆಂಪು ಬೀಜಗಳು ಬೆಲ್ಲದ ಹಾಲಿನಲ್ಲಿ ಉಬ್ಬಿ ಲೋಳೆಲೋಳೆಯಾಗಿ ಕುದಿಯುತ್ತಿದ್ದವು. ಮನೆಯೆಲ್ಲ ಆ ವಾಸನೆ ತುಂಬಿತು. ಹೆಣ್ಣುಮಕ್ಕಳಿದ್ದ ಮನೆಯಲ್ಲಿ ಆ ವಾಸನೆ ಬಂತೆಂದರೆ ಓಣಿಯಲ್ಲಿ ಹೋಗುವವರು ಗಂಡೋ ಹೆಣ್ಣೋ ಎಂದು ಕೇಳಿಯೇ ಮುಂದೆ ಹೋಗುತ್ತಾರೆ.

ಹಿಂದೆ ಏನೋ ಸಪ್ಪಳವಾಗಿ ನೀಲಾಬಾಯಿ ತಿರುಗಿ ನೋಡಿದಳು. ಮಗಳು ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ಯಾರೂ ಎಬ್ಬಿಸಿರಲಿಲ್ಲ. ಬಾಣಲೆಯನ್ನೇ ನೋಡುತ್ತಿದ್ದಳು, ಮೂಗಿನ ಹೊಳ್ಳೆಗಳು ಅಲುಗುತ್ತಿದ್ದವು.

"ಯಾರಿಗೆ?" ಎಂದಳು ದಾನೇಶ್ವರಿ. ಬಹಳ ದಿನ ಬಳಸದ ದನಿ ತುಕ್ಕು ಹಿಡಿದಂತಿತ್ತು.

ನೀಲಾಬಾಯಿ ಒಲೆಯ ಉರಿ ಸಣ್ಣ ಮಾಡಿದಳು. "ನಿನಗವ್ವಾ."

"ನನಗ? ಇದು ನನಗ?"

"ಮತ್ಯಾರಿಗೆ? ಈ ಮನ್ಯಾಗ ಬಾಣಂತಿ ಯಾರದಾರ, ನೀ ಅಲ್ಲೇನು?"

ದಾನೇಶ್ವರಿ ಅವ್ವನ ಮುಖವನ್ನು ಎಡದಿಂದ ಬಲಕ್ಕೆ ಓದಿದಳು. ಆಮೇಲೆ ಮೆಲ್ಲಗೆ ನೆಲಕ್ಕೆ ಕೂತು ಕೈ ಚಾಚಿದಳು. ಬಟ್ಟಲು ತುಂಬ ಪಾಯಸ ಕುಡಿದಳು. ಇನ್ನೂ ಬಿಸಿಯಾಗಿದ್ದ ಉಂಡಿಯನ್ನು ಮುರಿದು ಊದಿ ಊದಿ ತಿಂದಳು. ನೀಲಾಬಾಯಿ ಕಣ್ಣಿಗೆ ಸೆರಗು ಒತ್ತಿಕೊಂಡು ಹೊಗೆ ಎಂದಳು. ಗ್ಯಾಸಿನ ಒಲೆಗೆ ಹೊಗೆ ಎಲ್ಲಿಂದ ಬರಬೇಕು!

ಅಲ್ಲಿಂದ ಮುಂದೆ ಮನೆ ಮನೆಯಾಯಿತು. ಮಗಳು ಕೇಳಿ ಉಣ್ಣತೊಡಗಿದಳು. ಬೆಳಿಗ್ಗೆ ಉಂಡಿ, ಆಮೇಲೆ ಮೆಣಸಿನ ಸಾರು, ಬಳ್ಳೊಳ್ಳಿ ಚಟ್ನಿ, ತುಪ್ಪ ಸುರಿದ ಬಿಸಿರೊಟ್ಟಿ. "ಅವ್ವಾ, ಸಬ್ಬಸಗಿ ಪಲ್ಯೆ ಯಾಕ ಮಾಡಿಲ್ಲ?" ಎಂದು ಗದರಿದಳು. ಗದರಿಸಿಕೊಂಡ ನೀಲಾಬಾಯಿ ಸಂತೆಗೆ ಓಡಿದಳು. ಮಗಳು ತಲೆಗೆ ಅರಿವೆ ಕಟ್ಟಿಕೊಂಡಳು, ಕಿವಿಗೆ ಹತ್ತಿ ತಾನೇ ಇಟ್ಟುಕೊಂಡಳು, ಹೊರಸಿನ ಕೆಳಗೆ ಕೆಂಡ ಇಡಲು ಹೇಳಿದಳು. ತಣ್ಣೀರು ಮುಟ್ಟಳು, ಗಾಳಿಗೆ ಹೋಗಳು. ಇಷ್ಟು ಶಿಸ್ತಿನ ಬಾಣಂತಿಯನ್ನು ನೀಲಾಬಾಯಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಉಳಿದ ಹುಡುಗಿಯರಿಗೆ ಪಥ್ಯ ಮಾಡಿಸಲು ಕೋಲು ಹಿಡಿಯಬೇಕಿತ್ತು. ಇವಳು ವಿಜ್ಞಾನ ಓದಿದವಳು, ಇಂಥದ್ದಕ್ಕೆಲ್ಲ ನಗುತ್ತಿದ್ದವಳು, ಈಗ ಹೇಳದೆಯೇ ಮಾಡುತ್ತಿದ್ದಾಳೆ. ಕೆನ್ನೆ ತುಂಬಿದವು. ಒಂದು ದಿನ ಕನ್ನಡಿ ಬೇಡಿ ಹಣೆಗೆ ವಿಭೂತಿ ಹಚ್ಚಿಕೊಂಡು ನಕ್ಕಳು.

ರಾಚಯ್ಯನವರಿಗೆ ಮಾತ್ರ ಏನೋ ಕಸಿವಿಸಿ. "ಇಲ್ಲಿ ನೋಡ" ಎಂದರು ಹೆಂಡತಿಗೆ. "ಆಕಿ ನಗಾಕತ್ತಾಳ, ಖರೆ. ಆದ್ರ ಯಾಕ ನಗ್ತಾಳಂತ ತಿಳೀವಲ್ದು."

"ನಗಾಕ ಕಾರಣ ಬೇಕೇನ್ರಿ? ಅಳಾಕ ಒಂದ ಇತ್ತಲ್ಲ, ಸಾಕು" ಎಂದು ಆಕೆ ಹರಿಹಾಯ್ದಳು. ರಾಚಯ್ಯ ಹೆಗಲ ಮೇಲಿನ ವಸ್ತ್ರ ಝಾಡಿಸಿಕೊಂಡು ಹೊರಗೆ ಕಟ್ಟೆಗೆ ಹೋಗಿ ಕೂತರು.

ರವಿವಾರ ರವಿವಾರ ಸಂಗಮೇಶ ಬಾಗಲಕೋಟೆಯ ತನ್ನ ಮನೆಯಿಂದ ಬರುತ್ತಿದ್ದ. ಪಾಪದ ಹುಡುಗ, ಅವನೂ ಒಂದು ಮಗುವನ್ನು ಕಳೆದುಕೊಂಡಿದ್ದಾನೆ ಎಂಬುದು ಎಲ್ಲರಿಗೂ ಮರೆತೇ ಹೋಗಿತ್ತು. ಹೆಂಡತಿ ಎದ್ದು ಕೂತು ಮಾತಾಡುವುದನ್ನು ಕಂಡು ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದ. ಅವನು ಬಂದಾಗಲೆಲ್ಲ ದಾನೇಶ್ವರಿ ಅವನ ಬೆನ್ನ ಹಿಂದೆ ಬಾಗಿಲಾಚೆ ಒಮ್ಮೆ ಇಣುಕಿ ನೋಡುತ್ತಿದ್ದಳು. ಗಾಡಿ ನೋಡುತ್ತಿರಬೇಕು ಎಂದುಕೊಂಡರು. "ಅಲ್ಲಿ ಥಂಡಿ ಭಾಳ ಇರತೈತೇನ್ರಿ?" ಎಂದು ಅವನನ್ನು ಕೇಳಿದಳು. "ಅಷ್ಟೇನಿಲ್ಲ, ನವನಗರದಾಗ ಮಾಮೂಲಿ" ಎಂದು ಅವನು ಹೇಳಿದಾಗ ಆಕೆಗೆ ಸಮಾಧಾನವಾದಂತೆ ಕಂಡಿತು.

ಡಾಕ್ಟರು ಮತ್ತೆ ಬರಲು ಹೇಳಿದ್ದ ದಿನ ಎಲ್ಲರೂ ಬಾಗಲಕೋಟೆಗೆ ಹೊರಟರು. ಈ ಸಲ ನೀಲಾಬಾಯಿ ಇಳಕಲ್ ಸೀರೆ ಉಟ್ಟಿದ್ದಳು. ಮಗಳ ಹೊಟ್ಟೆ ಹಸಿದೀತೆಂದು ಒಂದು ಸ್ಟೀಲಿನ ಡಬ್ಬಿಯಲ್ಲಿ ಅಳವಿ ಪಾಯಸವನ್ನೂ ಕಟ್ಟಿಕೊಂಡಿದ್ದಳು.

ಡಾಕ್ಟರು ತೂಕ ನೋಡಿ ಹುಬ್ಬೇರಿಸಿದರು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ಕೆಂಪು ನೋಡಿದರು. ಕೇಳಿದ್ದಕ್ಕೆಲ್ಲ ದಾನೇಶ್ವರಿ ಜಾಣ ವಿದ್ಯಾರ್ಥಿಯಂತೆ ಉತ್ತರ ಕೊಟ್ಟಳು. ನಿದ್ದೆ ಬರುತ್ತದೆ. ಹಸಿವಾಗುತ್ತದೆ. ಸಾಯಬೇಕು ಅನ್ನಿಸುವುದಿಲ್ಲ. "ಕೂಸಿನ ವಿಚಾರ?" ಎಂದು ಡಾಕ್ಟರು ಮೆತ್ತಗೆ ಕೇಳಿದರು. "ಈಗ ಎಲ್ಲಾ ತಿಳದೈತ್ರಿ ಮೇಡಂ, ಗಾಬರಿ ಇಲ್ಲ" ಎಂದಳು ದಾನೇಶ್ವರಿ. ಡಾಕ್ಟರು ಆಕೆಯ ಕೈ ತಟ್ಟಿ, ನೀಲಾಬಾಯಿಯ ಕಡೆ ತಿರುಗಿದರು.

"ಏನ್ ಕೊಟ್ರಿ ಅಮ್ಮಾ ಮಗಳಿಗೆ?"

"ಬಾಣಂತನದ ಅಡಗಿ ರೀ. ಅಂಟಿನುಂಡಿ, ಅಳವಿ, ಸಬ್ಬಸಗಿ."

"ಅಳವ್ಯಾಗ ಕಬ್ಬಿಣದಂಶ ಭಾಳ ಇರತೈತಿ. ಚಲೋ ಮಾಡೀರಿ. ಗುಳಿಗಿನೂ ನಡೀಲಿ, ಇದನ್ನೂ ಬಿಡಬ್ಯಾಡ್ರಿ."

ನೀಲಾಬಾಯಿ ಜೀವನದಲ್ಲಿ ಬಹಳ ಹೊಗಳಿಕೆ ಕೇಳಿದ್ದಳು. ಇದು ಮಾತ್ರ ಎದೆಯ ಒಳಗೆ ಹೋಗಿ ಕೂತಿತು. ಹೊರಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ. ರಾಚಯ್ಯ ಔಷಧಿ ಅಂಗಡಿಗೆ ಹೋದರು. ಸಂಗಮೇಶ ದೂರ ನಿಲ್ಲಿಸಿದ್ದ ಗಾಡಿ ತರಲು ಹೋದ. ತಾಯಿ ಮಗಳು ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತರು. ಹೊತ್ತು ನೆತ್ತಿಗೆ ಬಂದಿತ್ತು. ದಾನೇಶ್ವರಿ ತಾನೇ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಚಮಚೆ ಹಾಕಿ ತಿನ್ನತೊಡಗಿದಳು.

ಎರಡು ಚಮಚೆ ತಿಂದು, "ಅವ್ವಾ, ಅವರು ಗಾಡಿ ತಂದ ಕೂಡ್ಲೇ ಹೆರಿಗಿ ದವಾಖಾನಿಗೆ ಹೋಗೂಣು" ಎಂದಳು.

"ಯಾಕವ್ವಾ? ಹೊಲಿಗಿ ನೋಯಾಕತ್ತಾವೇನು?"

"ಇಲ್ಲ. ಕೂಸಿನ್ನ ಕರಕೊಂಡು ಬರಾಕ."

ನೀಲಾಬಾಯಿ ತನ್ನ ಕಿವಿಯದೇ ತಪ್ಪು ಎಂದು ಮಗಳ ಮುಖ ನೋಡಿದಳು. ಆ ಮುಖದಲ್ಲಿ ಇಷ್ಟು ದಿನ ತಾನು ಕಂಡು ಹಿಗ್ಗಿದ ಅದೇ ಕಳೆ ಇತ್ತು.

"ಈಗ ನಾ ಗಟ್ಟಿ ಆಗೀನಲ್ಲ, ಡಾಕ್ಟರೇ ಹೇಳಿದ್ರಲ್ಲ" ಎಂದಳು ದಾನೇಶ್ವರಿ. ಆಚೀಚೆ ನೋಡಿ, ಅವ್ವನಿಗಷ್ಟೇ ಕಾಣುವಂತೆ ಸೆರಗು ಸರಿಸಿದಳು. ಕುಬಸ ಎರಡೂ ಕಡೆ ಒದ್ದೆಯಾಗಿತ್ತು. "ನಿನ್ನೆಯಿಂದ ಹಾಲು ಬರಾಕತ್ತಾವ ಅವ್ವಾ. ಹೇಳಿದ್ರ ದೃಷ್ಟಿ ಆದೀತಂತ ಸುಮ್ಮಿದ್ದೆ. ನೋಡು, ಎಷ್ಟ್ ಬರಾಕತ್ತಾವ! ಇನ್ನ ಯಾಕ ಆ ಪೆಟ್ಟಿಗ್ಯಾಗ ಇರಬೇಕು ಅದು?"

ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ಎಳನೀರಿನವನು ಕಾಯಿ ಕೆತ್ತುತ್ತಿದ್ದ. ನೀಲಾಬಾಯಿ ಮಗಳ ಎರಡೂ ಕೈ ಹಿಡಿದುಕೊಂಡಳು. ಹಸಿಬಾಣಂತಿ, ಸನ್ನಿ, ಯಾವ ಹೆದರಿಕೆಯೂ ಈಗ ಅಡ್ಡ ಬರಲಿಲ್ಲ; ಬರಲು ಉಳಿದಿದ್ದಾದರೂ ಏನು?

"ದಾನವ್ವಾ, ನನ್ನ ಮಾತು ಕೇಳು. ಕೂಸಿಲ್ಲ. ಹೊಟ್ಟ್ಯಾಗೇ ಹೋಗಿತ್ತು. ನಿಮ್ಮಪ್ಪಾರು ತಮ್ಮ ಕೈಯಾರೆ ಮಣ್ಣು ಮಾಡಿ ಬಂದಾರ. ನಾ ಅವತ್ತ ಸುಳ್ಳ ಹೇಳಿದೆ. ನೀ ಉಳೀಲಿ ಅಂತ ಹೇಳಿದೆ."

ದಾನೇಶ್ವರಿ ಸಿಟ್ಟಾಗಲಿಲ್ಲ. ತರಗತಿಯಲ್ಲಿ ಮಕ್ಕಳು ಮನೆಗೆಲಸ ಮಾಡದ್ದಕ್ಕೆ ನೆವ ಹೇಳಿದಾಗ ಕೇಳುವಂತೆ ತಾಳ್ಮೆಯಿಂದ ಕೇಳಿದಳು.

"ಹಂಗ ನಂಬೇ ನಾ ಸಾಯಾಕ ಮಲಗಿದ್ದೆ ಅವ್ವಾ" ಎಂದಳು. "ಅವರು ಬಂದು ಕೂಸಿಲ್ಲ ಅಂದಾಗ ಖರೆ ಅಂತ ತಿಳದಿದ್ದೆ. ಆಮ್ಯಾಲೆ ನೀ ಅಂಟು ಹುರದಿ. ಹಾಸಿಗ್ಯಾಗ ಇದ್ದಾಕಿಗೆ ವಾಸನಿ ಬಂತು. ಎದ್ದು ಬಂದು ಕೇಳಿದ್ರ ನನಗ ಅಂದಿ, ಬಾಣಂತಿ ಅಂದಿ. ಅವತ್ತ ತಿಳೀತು, ಕೂಸು ಐತಿ ಅಂತ. ಅಶಕ್ತ ಐತಿ, ಉಳೀತೈತೋ ಇಲ್ಲೋ ಅಂತ ಹೆದರಿ ಇವರೆಲ್ಲ ಮುಚ್ಚಿಟ್ಟಾರ, ಆದ್ರ ನಮ್ಮವ್ವ ಹಾಲಿನ ತಯ್ಯಾರಿ ಮಾಡಾಕತ್ತಾಳ ಅಂತ. ಅದಕ್ಕ ಉಂಡೆ."

"ನಾ ನಿನ್ನ ಶಕ್ತಿ ಸಲುವಾಗಿ ಮಾಡಿದೆ. ನಿನ್ನ ಸಲುವಾಗಿ, ನನ್ನವ್ವಾ."

"ನನಗೊಬ್ಬಾಕಿಗೆ?" ದಾನೇಶ್ವರಿ ನಕ್ಕಳು. "ನಮ್ಮ ಓಣಿ ಚಂದಪ್ಪಮಾಮಾನ ಮಗಳ ಕೂಸು ಹೋದಾಗ ನೀ ಉಂಡಿ ಕಟ್ಟಿದ್ದೇನು?"

ನೀಲಾಬಾಯಿ ಕಟ್ಟಿರಲಿಲ್ಲ. ಹೋಗಿ, ಗೋಡೆಗೆ ಒರಗಿ ಕೂತು, ದೇವರು ಇಟ್ಟಂಗೆ ಎಂದು ಹೇಳಿ, ಕೊಟ್ಟ ಚಹಾ ಕುಡಿದು ಎದ್ದು ಬಂದಿದ್ದಳು. ಆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಕೆ ಏನು ಉಂಡಳು, ಉಂಡಳೋ ಇಲ್ಲವೋ, ತಾನು ಕೇಳಿರಲೂ ಇಲ್ಲ. ಆಕೆಗೂ ಇದೇ ಮೈ, ಇದೇ ನೋವು ಇತ್ತೆಂಬುದು ಆಗ ಹೊಳೆದಿರಲಿಲ್ಲ. ಓಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಇಡೀ ಊರಾಗ ಕೂಸಿಲ್ಲದ ಒಬ್ಬಾಕಿಗರ ಕಟ್ಟಿದ್ದೇನು?" ಎಂದು ಮಗಳು ಮತ್ತೆ ಕೇಳಿದಳು. "ಇಲ್ಲಲ್ಲ? ಬಾಯಿ ಸುಳ್ಳ ಹೇಳೀತು ಅವ್ವಾ. ನಿನ್ನ ಕೈ ಹೆಂಗ ಸುಳ್ಳ ಹೇಳೀತು?"

"ಇಲ್ಲವ್ವಾ, ಕೂಸಿಲ್ಲ" ಎಂದಳು ನೀಲಾಬಾಯಿ. ಆಣೆ ಮಾಡಿದಳು. ಕೊರಳ ಲಿಂಗ ಹಿಡಿದು ಹೇಳಿದಳು.

ದಾನೇಶ್ವರಿಯ ಮುಖದ ಮೇಲಿನ ನಗು ಒಂದು ಕ್ಷಣ ಅಲುಗಿತು. ಕಣ್ಣುಗಳು ಹೊರಸಿನ ಮೇಲೆ ಮಲಗಿದ್ದ ಆ ಹಳೆಯ ದಾನೇಶ್ವರಿಯ ಕಣ್ಣುಗಳಾದವು. ಆಕೆ ಎದ್ದು ನಿಂತು, ಬೆಂಚಿನ ಪಕ್ಕದ ಚರಂಡಿಯ ಮೇಲೆ ಡಬ್ಬಿಯನ್ನು ಹಿಡಿದು ಓರೆ ಮಾಡಿದಳು. ಪಾಯಸ ಅಂಚಿನವರೆಗೆ ಬಂದು ನಿಂತಿತು.

"ಹಂಗಾರ ಇದು ನನಗ ಬ್ಯಾಡ" ಎಂದಳು. "ಇದೂ ಬ್ಯಾಡ, ಇನ್ನ ಮುಂದ ಯಾವುದೂ ಬ್ಯಾಡ. ಇನ್ನೊಮ್ಮೆ ಹೇಳು, ಚೆಲ್ಲತೇನಿ. ಕೂಸು ಐತೋ ಇಲ್ಲೋ?"

ನೀಲಾಬಾಯಿ ಮಗಳ ಕೈ ನೋಡಿದಳು. ಮೊನ್ನೆ ಮೊನ್ನೆಯವರೆಗೆ ಬಳೆ ಜಾರುತ್ತಿದ್ದ ಕೈ, ಈಗ ತುಂಬಿಕೊಂಡು ಬಳೆ ಬಿಗಿದು ನಿಂತಿತ್ತು. ಆ ಮೈಯನ್ನು ಕೂಡಿಸಿದವಳು ತಾನು. ಇಲ್ಲ ಎಂಬ ಒಂದು ಮಾತಿಗೆ ಅದು ಮತ್ತೆ ಗೋಡೆಯ ಕಡೆ ಹೊರಳುತ್ತದೆ, ಈ ಸಲ ಯಾವ ವಾಸನೆಗೂ ಎದ್ದು ಬರುವುದಿಲ್ಲ. ಐತಿ ಎಂದರೆ ಮಗಳು ಉಣ್ಣುತ್ತಾಳೆ, ನಗುತ್ತಾಳೆ, ದಿನವೂ ಎದೆಹಾಲು ಕಟ್ಟಿಕೊಂಡು ಬಾಗಿಲು ಕಾಯುತ್ತಾಳೆ; ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಆ ಮಗಳು ಮಾತ್ರ ತಿರುಗಿ ಬರುವುದಿಲ್ಲ. ಡಾಕ್ಟರನ್ನು ಕೂಗಬೇಕೆನ್ನಿಸಿತು. ಕೂಗಿದರೆ ಪಾಯಸ ಚರಂಡಿಗೆ ಬೀಳುತ್ತದೆ. ಔಷಧಿ ಅಂಗಡಿಯ ಮುಂದೆ ರಾಚಯ್ಯ ಬೆನ್ನು ಮಾಡಿ ನಿಂತಿದ್ದರು. ಆಕೆಗೆ ತನ್ನ ಕೈಗಳನ್ನು ಕಡಿದು ಆ ಚರಂಡಿಗೆ ಎಸೆಯಬೇಕೆನ್ನಿಸಿತು.

"ಹೇಳವ್ವಾ" ಎಂದಳು ದಾನೇಶ್ವರಿ. ಡಬ್ಬಿ ಇನ್ನಷ್ಟು ಓರೆಯಾಯಿತು. ಒಂದು ಹನಿ ಕೆಳಗೆ ಬಿತ್ತು.

"ಚೆಲ್ಲಬ್ಯಾಡ" ಎಂದಳು ನೀಲಾಬಾಯಿ. "ಉಣ್ಣವ್ವಾ. ಐತಿ."

ಮಗಳು ಕೂತಳು. ಅವ್ವನ ಭುಜಕ್ಕೆ ಒಮ್ಮೆ ತಲೆ ಒರಗಿಸಿ, ಮತ್ತೆ ಚಮಚೆ ಹಿಡಿದಳು. ನೀಲಾಬಾಯಿ ಆಕೆಯ ಒದ್ದೆ ಕುಬಸ ಯಾರಿಗೂ ಕಾಣದಂತೆ ಸೆರಗು ಎಳೆದು ಮುಚ್ಚಿದಳು. ಸಂಗಮೇಶನ ಗಾಡಿ ರಸ್ತೆಯ ಆ ತುದಿಯಲ್ಲಿ ತಿರುಗಿಕೊಂಡು ಇವರತ್ತ ಬರುತ್ತಿತ್ತು. ದಾನೇಶ್ವರಿ ಡಬ್ಬಿಯ ತಳ ಕೆರೆದು ಕೊನೆಯ ಚಮಚೆಯವರೆಗೂ ಉಂಡಳು.